ಒಂದು ರಾತ್ರಿಗೆ ಮೂರು ಯೂನಿಟ್ಟು

ಕರೆಂಟು ಹೋದ ಕೂಡಲೇ ಅಪ್ಪ ಎಣಿಸಲು ಶುರು ಮಾಡುತ್ತಿದ್ದ. ಬಾಯಿಬಿಟ್ಟಲ್ಲ, ಬೆರಳ ಗೆಣ್ಣಿನ ಮೇಲೆ. ಗುರುಗ್ರಾಮದಲ್ಲಿ ನಮ್ಮದು ಹದಿನಾಲ್ಕನೇ ಮಹಡಿ. ಕೆಳಗೆ ಪಾರ್ಕಿಂಗಿನ ಮೂಲೆಯಲ್ಲಿ ಲಾರಿಯಷ್ಟು ದೊಡ್ಡ ಡೀಸೆಲ್ ಜನರೇಟರ್ ಇದೆ. ಲೈಟು ಆರಿ, ಅದು ಗುಟುರು ಹಾಕಿ, ಮತ್ತೆ ಲೈಟು ಬರುವುದರ ನಡುವೆ ಸಾಮಾನ್ಯವಾಗಿ ಹನ್ನೆರಡು ಸೆಕೆಂಡು. ಆ ಹನ್ನೆರಡು ಸೆಕೆಂಡೂ ಅವನ ಮಂಚದ ಪಕ್ಕದ ಆಕ್ಸಿಜನ್ ಕಾನ್ಸಂಟ್ರೇಟರ್ ಕುಯ್ಯೋ ಎಂದು ಕೂಗುತ್ತಿತ್ತು.

"ಇವತ್ತ ಹದಿನೇಳಾತು. ಜನರೇಟರಿಂದು ಬ್ಯಾಟರಿ ವೀಕ್ ಆಗೇತಿ. ಹೇಳು ಅವ್ರಿಗೆ."

ನಾನು ಹೇಳಿದೆ. ಮೇಂಟೆನೆನ್ಸ್ ಹುಡುಗ ನನ್ನ ಮುಖ ನೋಡಿ, "ನೀವು ಎಂಜಿನಿಯರಾ ಸರ್?" ಅಂದ. ನಾನು ಸಾಫ್ಟ್‌ವೇರಿನವನು, ಫ್ಯೂಸ್ ಹಾರಿದರೆ ಮೊಬೈಲ್ ಟಾರ್ಚು ಹಿಡಿದು ನಿಲ್ಲುವುದಷ್ಟೇ ಗೊತ್ತಿರುವ ಜಾತಿ. ಮರುವಾರ ಅವರು ಜನರೇಟರಿನ ಬ್ಯಾಟರಿ ಬದಲಿಸಿದರು. ಮತ್ತೆ ಹನ್ನೆರಡಕ್ಕೆ ಬಂತು.

ಅಪ್ಪ ಲೈನ್‌ಮನ್ ಆಗಿದ್ದ. 1976ರಲ್ಲಿ ಕೆಇಬಿ ಸೇರಿದಾಗ ಬ್ಯಾಡಗಿ ಇನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. 2014ರಲ್ಲಿ ನಿವೃತ್ತನಾಗುವ ಹೊತ್ತಿಗೆ ಜಿಲ್ಲೆ ಹಾವೇರಿಯಾಗಿತ್ತು, ಕೆಇಬಿ ಮೊದಲು ಕೆಪಿಟಿಸಿಎಲ್ ಆಗಿ ಆಮೇಲೆ ಹೆಸ್ಕಾಂ ಆಗಿತ್ತು, ಅವನು ಹತ್ತುವ ಕಂಬಗಳು ಮಾತ್ರ ಅವೇ ಆಗಿದ್ದವು. ಕಂಬದ ಮೇಲೆ ಬೀಡಿ ಸೇದುವಂತಿರಲಿಲ್ಲ, ಹಾಗಾಗಿ ಇಳಿದ ಮೇಲೆ ಎರಡು ಪಟ್ಟು ಸೇದುತ್ತಿದ್ದ. ಅದರ ಲೆಕ್ಕ ಈಗ ಶ್ವಾಸಕೋಶದಲ್ಲಿ ಬಂದಿದೆ. ಸಿಒಪಿಡಿ. ಅವ್ವ ತೀರಿಕೊಂಡ ಮೇಲೆ ಒಬ್ಬನೇ ಇರುವುದು ಬೇಡವೆಂದು ನಾನೇ ಇಲ್ಲಿಗೆ ಕರೆತಂದೆ. ಫೆಬ್ರುವರಿಯಲ್ಲಿ ಕರೆತಂದಿದ್ದರಿಂದ ನನಗೇ ನಾನು ಮೋಸ ಮಾಡಿಕೊಂಡೆ. ದೆಹಲಿಯ ಸುತ್ತಿನ ಗಾಳಿ ಏನೆಂಬುದು ಗೊತ್ತಾಗುವುದು ದಸರಾ ದಾಟಿದ ಮೇಲೆ. ಸೆಪ್ಟೆಂಬರಿನಲ್ಲಿ ಎದೆಯ ಡಾಕ್ಟರು ನೇರವಾಗಿ ಹೇಳಿದರು: ದೀಪಾವಳಿಗೆ ಮೊದಲು ಇವರನ್ನು ಇಲ್ಲಿಂದ ಹೊರಡಿಸಿ. ನಿಮಿಷಕ್ಕೆ ಎರಡು ಲೀಟರ್ ಆಮ್ಲಜನಕ, ದಿನಕ್ಕೆ ಕನಿಷ್ಠ 15 ಗಂಟೆ, ರಾತ್ರಿಯಿಡೀ ತಪ್ಪಬಾರದು, ಬೆರಳಿಗೆ ಹಾಕುವ ಮೀಟರಿನಲ್ಲಿ 88ರಿಂದ 92ರ ನಡುವೆ ಇರಲಿ.

ಹೊರಡಿಸುವುದು ಹೇಗೆ? ವಿಮಾನದಲ್ಲಿ ನಮ್ಮ ಮನೆಯ ಯಂತ್ರ ನಡೆಸುವಂತಿಲ್ಲ. ಬ್ಯಾಟರಿಯ ಚಿಕ್ಕ ಯಂತ್ರ ಬೇರೆಯದೇ ಬರುತ್ತದೆ, ಅದರ ಬೆಲೆ ಕೇಳಿದರೆ ನಮಗೇ ಆಕ್ಸಿಜನ್ ಬೇಕಾಗುತ್ತದೆ. ಸಂಪರ್ಕ ಕ್ರಾಂತಿ ರೈಲು ನಿಜಾಮುದ್ದೀನಿನಿಂದ ಹುಬ್ಬಳ್ಳಿಗೆ ಹೋಗುತ್ತದೆ, ಆದರೆ ಬೋಗಿಯ ಪ್ಲಗ್ಗುಗಳು ಮೊಬೈಲಿಗಾಗಿ ಇರುವ 110 ವೋಲ್ಟಿನವು, ನಮ್ಮದು 230ರ ಯಂತ್ರ. ಅಂಬ್ಯುಲೆನ್ಸ್ ಅಂದಾಗ ಅಪ್ಪ ಮುಖ ತಿರುಗಿಸಿದ.

"ಅಂಬ್ಯುಲೆನ್ಸಿನ್ಯಾಗ ಊರ ಅಗಸಿ ದಾಟಿದರ ಮಂದಿ ಏನ ತಿಳೀತಾರ? ಹೆಣ ಬಂತು ಅಂತ ಹಾರ ತಗೊಂಡು ಓಡಿ ಬರ್ತಾರ."

ಆಗ ನೆನಪಾದದ್ದು ಪಾರ್ಕಿಂಗಿನಲ್ಲಿ ಧೂಳು ತಿನ್ನುತ್ತಿದ್ದ ಗಾಡಿ.

ಅದರ ಕತೆ ಸ್ವಲ್ಪ ನಾಚಿಕೆಯದು. 2021ರಲ್ಲಿ, ಲಾಕ್‌ಡೌನಿನ ಬೇಸರದಲ್ಲಿ, ನಾನೂ ನನ್ನ ಹೆಂಡತಿಯೂ ಬಿಳಿಯರು ವ್ಯಾನಿನಲ್ಲಿ ಬದುಕುವ ವಿಡಿಯೋಗಳಿಗೆ ಬಿದ್ದಿದ್ದೆವು. ಸ್ಪಿತಿಗೆ ಹೋಗುವುದು, ನದಿ ಪಕ್ಕ ಕಾಫಿ ಕುಡಿಯುವುದು ಇತ್ಯಾದಿ. ಮೊದಲು ಹಳೆಯ ಡೀಸೆಲ್ ವ್ಯಾನು ನೋಡಿದೆವು, ತುಂಬ ಅಗ್ಗ. ಯಾಕೆ ಅಗ್ಗ ಅಂತ ಆಮೇಲೆ ತಿಳಿಯಿತು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳನ್ನು ಹಸಿರು ನ್ಯಾಯಮಂಡಳಿ 2015ರಲ್ಲೇ ಇಲ್ಲಿನ ರಸ್ತೆಯಿಂದ ಹೊರಗಿಟ್ಟಿತ್ತು, ಸುಪ್ರೀಂ ಕೋರ್ಟು 2018ರಲ್ಲಿ ಅದನ್ನು ಎತ್ತಿಹಿಡಿದಿತ್ತು. ಕೊನೆಗೆ ಸೆಕೆಂಡ್ ಹ್ಯಾಂಡ್ ಮಾರುತಿ ಈಕೋ ಬಂತು, ಪೆಟ್ರೋಲಿನದು. ಹಿಂದೆ ಹಲಗೆ ಹಾಕಿದೆ, ಕಿಟಕಿಗೆ ಪರದೆ ಬಂತು, ಎಕ್ಸೆಲ್ಲಿನಲ್ಲಿ ಒಂದು ಪಟ್ಟಿಯೂ ಆಯಿತು: ಫ್ರಿಜ್ಜು 45 ವ್ಯಾಟ್, ಫ್ಯಾನು 10, ದೀಪ 6, ಲ್ಯಾಪ್‌ಟಾಪ್ 60, ಕಾಫಿಗೆ ಕೆಟಲ್. ಕೆಟಲ್ಲಿನ ಸಾಲಿಗೆ ಬಂದಾಗ 1500 ವ್ಯಾಟ್ ಎಂದು ಕಂಡು ಪಟ್ಟಿ ನಿಂತಿತು. ಆಫೀಸು ಮತ್ತೆ ತೆರೆಯಿತು. ಸ್ಪಿತಿ ಅಲ್ಲೇ ಉಳಿಯಿತು.

ನಮ್ಮ ಸೊಸೈಟಿಯ ಗೇಟು ದಾಟಿ ಸ್ವಲ್ಪ ದೂರ ಹೋದರೆ ರಾಷ್ಟ್ರೀಯ ಹೆದ್ದಾರಿ 48. ಜೈಪುರ, ಅಜ್ಮೀರ, ಉದಯಪುರ, ಅಹಮದಾಬಾದು, ಸೂರತ್ತು, ಮುಂಬೈ, ಪುಣೆ, ಕೊಲ್ಹಾಪುರ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ. ಅಪ್ಪ ಅದನ್ನು ಈಗಲೂ ಪಿ.ಬಿ. ರೋಡ್ ಅನ್ನುತ್ತಾನೆ. ಇಲ್ಲಿ ಟೋಲಿಗೆ ನಿಂತು ಬೈಯುವ ರಸ್ತೆಯೇ ಮೋಟೆಬೆನ್ನೂರಿನಲ್ಲಿ ನಮ್ಮ ಬ್ಯಾಡಗಿಯ ತಿರುವು ಕೊಡುತ್ತದೆ ಎಂಬುದು ಹದಿಮೂರು ವರ್ಷ ಇಲ್ಲಿದ್ದೂ ನನಗೆ ಹೊಳೆದಿರಲಿಲ್ಲ. ಹೆಚ್ಚೂಕಡಿಮೆ ಎರಡು ಸಾವಿರ ಕಿಲೋಮೀಟರು, ಎಲ್ಲೂ ಹೆದ್ದಾರಿ ಬದಲಿಸಬೇಕಿಲ್ಲ.

ಹಳೆಯ ಎಕ್ಸೆಲ್ ತೆಗೆದು ಎಲ್ಲ ಸಾಲು ಅಳಿಸಿದೆ. ಒಂದೇ ಸಾಲು ಬರೆದೆ.

ಕಾನ್ಸಂಟ್ರೇಟರ್ ಆಮ್ಲಜನಕ ತಯಾರಿಸುವುದಿಲ್ಲ, ಸೋಸುತ್ತದೆ. ಒಳಗಿನ ಕಂಪ್ರೆಸರ್ ಕೋಣೆಯ ಗಾಳಿಯನ್ನು ಜಿಯೋಲೈಟ್ ಎಂಬ ಹರಳುಗಳ ಮೂಲಕ ಒತ್ತುತ್ತದೆ, ಹರಳು ನೈಟ್ರೋಜನ್ ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದೆ ಬಿಡುತ್ತದೆ. ವಿದ್ಯುತ್ತೆಲ್ಲ ಆ ಒತ್ತುವ ಕೆಲಸಕ್ಕೆ. ಯಂತ್ರದ ಹಿಂದಿನ ಚೀಟಿಯಲ್ಲಿ 350 ವ್ಯಾಟ್ ಎಂದಿತ್ತು. "ಚೀಟಿ ನಂಬಬ್ಯಾಡ, ಅಳದು ನೋಡು" ಅಂದ ಅಪ್ಪ. ಪ್ಲಗ್ಗಿಗೆ ಸಿಕ್ಕಿಸುವ ಮೀಟರ್ ತರಿಸಿದೆ. 310. ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ಕೊಟ್ಟರೆ ದಾರಿಯಲ್ಲಿ ಹತ್ತು ಪರ್ಸೆಂಟ್ ಸೋರಿಕೆ, ಇನ್ವರ್ಟರು ಸುಮ್ಮನೆ ಕೂತರೂ ತಿನ್ನುವ ಹತ್ತು ವ್ಯಾಟು. ಒಟ್ಟು 355 ಅಂತ ಹಿಡಿದೆ. ಒಂಬತ್ತು ಗಂಟೆಯ ರಾತ್ರಿಗೆ 3.2 ಕಿಲೋವ್ಯಾಟ್ ಅವರ್.

"ಮೂರು ಯೂನಿಟ್ ಅನ್ನಲ್ಲ," ಅಂದ ಅಪ್ಪ. "ಬಿಲ್ಲಿನ್ಯಾಗ ಇಪ್ಪತ್ತು ಮೂವತ್ತು ರೂಪಾಯಿದ್ದು."

ಹೌದು, ಗೋಡೆಯಿಂದ ಬಂದರೆ ಇಪ್ಪತ್ತು ಮೂವತ್ತು ರೂಪಾಯಿ. ಅದನ್ನೇ ಗಾಡಿಯಲ್ಲಿ ಹೊತ್ತೊಯ್ಯಬೇಕಾದರೆ ಏನಾಗುತ್ತದೆ ನೋಡಿ. ನಮ್ಮ ಊರ ಮನೆಗಳಲ್ಲಿರುವ 150 ಆಂಪಿಯರ್ ಅವರಿನ ಟ್ಯೂಬುಲರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1.8 ಯೂನಿಟ್ ಇರುತ್ತದೆ, ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಅಂದರೆ ನಾಲ್ಕು ಬ್ಯಾಟರಿ, ಇನ್ನೂರು ಕಿಲೋ ದಾಟಿದ ಸೀಸ ಮತ್ತು ಆಸಿಡ್. ಈಕೋದ ಬೆನ್ನು ಮುರಿಯುತ್ತದೆ. ಸಾಲದ್ದಕ್ಕೆ ಅವು ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತವೆ. ಮುಚ್ಚಿದ ಗಾಡಿ, ಒಳಗೆ ಮೂಗಿನ ನಳಿಕೆಯಿಂದ ಸೋರುವ ಆಮ್ಲಜನಕ, ಜೊತೆಗೆ ಹೈಡ್ರೋಜನ್. ಬೇಡ. ಹಾಗಾಗಿ ಲಿಥಿಯಂ ಐರನ್ ಫಾಸ್ಫೇಟ್. 3.2 ವೋಲ್ಟಿನ ಎಂಟು ಸೆಲ್ಲು ಸಾಲಾಗಿ, 25.6 ವೋಲ್ಟು, 150 ಆಂಪಿಯರ್ ಅವರ್. 3.84 ಯೂನಿಟ್, ಅದರಲ್ಲಿ ತೊಂಬತ್ತು ಪರ್ಸೆಂಟು ಧೈರ್ಯವಾಗಿ ಬಳಸಬಹುದು. ತೂಕ ಮೂವತ್ತೈದು ಕಿಲೋದ ಒಳಗೆ. ಒಂದು ರಾತ್ರಿ ದಾಟುತ್ತದೆ, ಬೆಳಗಿನ ಹೊತ್ತಿಗೆ ಚೊಂಬಿನ ತಳದಷ್ಟು ಉಳಿಯುತ್ತದೆ.

12 ವೋಲ್ಟು ಬಿಟ್ಟು 24 ಯಾಕೆ ಎಂದು ನಾನು ಎಲ್ಲೆಲ್ಲೋ ಓದುತ್ತಿದ್ದಾಗ ಅಪ್ಪ ಎರಡೇ ಮಾತಿನಲ್ಲಿ ಮುಗಿಸಿದ. ವೋಲ್ಟು ಎರಡು ಪಟ್ಟಾದರೆ ಕರೆಂಟು ಅರ್ಧ, ಕರೆಂಟು ಅರ್ಧವಾದರೆ ವಾಯರಿನ ಬಿಸಿ ಕಾಲುಭಾಗ. "ಮತ್ಯಾಕ 11 ಸಾವಿರ ವೋಲ್ಟು ಹೊಲದಾಗ ಹಾಯಿಸಿದ್ವಿ ಅನ್ಕೊಂಡಿ?"

ಬ್ಯಾಟರಿ ಖಾಲಿಯಾದದ್ದನ್ನು ತುಂಬುವುದೇ ನಿಜವಾದ ತಲೆನೋವು, ನಾನು ಅದನ್ನು ತಡವಾಗಿ ಕಂಡೆ. ಗಾಡಿ ಓಡುವಾಗ ಎಂಜಿನ್ನಿನ ಆಲ್ಟರ್ನೇಟರಿನಿಂದ ಡಿಸಿ ಚಾರ್ಜರ್ ಮೂಲಕ ತುಂಬಿಸೋಣವೆಂದಿದ್ದೆ. ಈಕೋದ ಆಲ್ಟರ್ನೇಟರ್ ಚಿಕ್ಕದು, ಅದರಿಂದ ಮೂವತ್ತು ಆಂಪಿಯರಿಗಿಂತ ಹೆಚ್ಚು ಕೇಳುವುದು ಅನ್ಯಾಯ. 400 ವ್ಯಾಟು. ಆದರೆ ಓಡುವಾಗಲೂ ಅಪ್ಪನ ಮೂಗಿಗೆ ನಳಿಕೆ ಇರುತ್ತದಲ್ಲ, ಅದು 355 ತಿನ್ನುತ್ತದೆ. ಇಡೀ ದಿನ ಓಡಿದರೂ ಉಳಿಯುವುದು ಚಿಲ್ಲರೆ. ಮಾಳಿಗೆಯ ಮೇಲೆ ಸೋಲಾರ್ ಹಲಗೆ, 330 ವ್ಯಾಟಿಂದು, ಅಕ್ಟೋಬರಿನ ಬಿಸಿಲಲ್ಲಿ ದಿನಕ್ಕೆ ಒಂದು ಯೂನಿಟ್ ಚಿಲ್ಲರೆ ಕೊಟ್ಟರೆ ಪುಣ್ಯ. "ಬಿಸಿಲು ಸರ್ಕಾರಿ ನೌಕರ ಇದ್ದಂಗ, ಐದರ ಮ್ಯಾಲ ಸಿಗೂದಿಲ್ಲ" ಅಂದ ಸರ್ಕಾರಿ ನೌಕರ. ಮೂರು ರಾತ್ರಿ ಕೂತು ಲೆಕ್ಕ ಹೊಂದಿಸಲು ನೋಡಿದೆ. ಹೊಂದಲಿಲ್ಲ. ಗಾಡಿಯಲ್ಲೇ ಮಲಗಿ ಗಾಡಿಯಲ್ಲೇ ಹೋಗುವುದು ಎಂಬ ವಿಡಿಯೋದ ಕನಸು ಆ ಎಕ್ಸೆಲ್ಲಿನ ಕೊನೆಯ ಕಾಲಮ್ಮಿನಲ್ಲಿ ಕೆಂಪು ಬಣ್ಣದಲ್ಲಿ ಸತ್ತಿತು.

ಸೋಲಾರ್ ಕೈಬಿಟ್ಟೆ. ರಾತ್ರಿ ಲಾಡ್ಜು, ಅಲ್ಲಿನ ಗೋಡೆಯ ಕರೆಂಟು. ಬ್ಯಾಟರಿ ಹಗಲಿಗೆ, ಮತ್ತು ಲಾಡ್ಜಿನ ಕರೆಂಟು ಹೋದರೆ. ಅದೂ ಕೈಕೊಟ್ಟರೆ ಕರೆಂಟೇ ಬೇಡದ ಬಿ ಟೈಪ್ ಸಿಲಿಂಡರು ಎರಡು: ಒಂದೊಂದರಲ್ಲಿ 1500 ಲೀಟರ್, ನಿಮಿಷಕ್ಕೆ ಎರಡರಂತೆ ಹನ್ನೆರಡೂವರೆ ಗಂಟೆ. ಅವನ್ನು ಹಿಂದೆ ಪಟ್ಟಿ ಬಿಗಿದು ನಿಲ್ಲಿಸುವುದು, ಗಾಡಿಯಲ್ಲಿ ಒಲೆ ಇಲ್ಲ, ಬೆಂಕಿಕಡ್ಡಿ ಕೂಡ ಇಲ್ಲ. ಕಾಫಿ ಮತ್ತೆ ತಪ್ಪಿತು.

ಇನ್ನೊಂದು ನಿರ್ಬಂಧ ಕಾನೂನಿನದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು, ಅದರ ಮೇಲೆ 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು: ಕಂಪನಿ ಮಾಡಿಕೊಟ್ಟ ಗಾಡಿಯ ಮೂಲ ರೂಪ ಬದಲಿಸುವಂತಿಲ್ಲ. ಹಾಗಾಗಿ ಬ್ಯಾಟರಿ, ಇನ್ವರ್ಟರು, ಚಾರ್ಜರು ಎಲ್ಲ ಒಂದು ಪೆಟ್ಟಿಗೆಯೊಳಗೆ, ಬೇಕೆಂದಾಗ ಎತ್ತಿ ಇಳಿಸುವ ಹಾಗೆ. ಅವತ್ತು ಕಿರಿಕಿರಿ ಅನ್ನಿಸಿದ ಈ ನಿಯಮವೇ ಆಮೇಲೆ ನಮ್ಮನ್ನು ಕಾಯ್ದಿತು.

ಚಾಂದನಿ ಚೌಕದ ಭಗೀರಥ ಪ್ಯಾಲೇಸಿಗೆ ಮೂರು ಸಲ ಹೋದೆ. ಕೆಂಪುಕೋಟೆಯ ಎದುರು, ಬೀದಿಯುದ್ದಕ್ಕೂ ವಾಯರು, ಸ್ವಿಚ್ಚು, ದೀಪಗಳ ಸಗಟು ಅಂಗಡಿ. ಅಪ್ಪನನ್ನು ಅಲ್ಲಿಗೆ ಕರೆದೊಯ್ಯಬೇಕಿತ್ತು, ಜಾತ್ರೆ ನೋಡಿದಂತೆ ನೋಡುತ್ತಿದ್ದ. ಆಗಲಿಲ್ಲ, ವಿಡಿಯೋ ಕಾಲಿನಲ್ಲಿ ತೋರಿಸಿದೆ. ಆದರೂ ಒಂದು ತಪ್ಪು ಮಾಡಿದೆ. ಇನ್ವರ್ಟರನ್ನು ಮಾತ್ರ ಮನೆ ಹತ್ತಿರದ ಅಂಗಡಿಯೊಂದರಲ್ಲಿ ಕೊಂಡೆ. "ಎಲ್ಲ ಯಂತ್ರಕ್ಕೂ ನಡೆಯುತ್ತದೆ" ಅಂದಿದ್ದ. ಮನೆಯಲ್ಲಿ ಜೋಡಿಸಿ ಸ್ವಿಚ್ಚು ಒತ್ತಿದರೆ ಕಾನ್ಸಂಟ್ರೇಟರು ಗಂಟಲು ಕಟ್ಟಿದ ಎಮ್ಮೆಯ ಹಾಗೆ ಗೊರಗುಟ್ಟಿ, ಅರ್ಧ ನಿಮಿಷಕ್ಕೆ ಕೆಂಪು ದೀಪ ಹಾಕಿ ನಿಂತಿತು. ಅಪ್ಪ ಅದರ ಮೈಮೇಲೆ ಅಂಗೈ ಇಟ್ಟು, "ಇದು ಸೈನ್ ವೇವ್ ಅಲ್ಲೋ, ಸ್ಕ್ವೇರ್ ಐತಿ. ಮೋಟರ್ ಸುಡತೈತಿ, ತಗಿ" ಅಂದ. ಅಂಗೈಯಲ್ಲಿ ಅಲೆಯ ಆಕಾರ ಹೇಗೆ ತಿಳಿಯಿತೋ. ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಮತ್ತೆ ದುಡ್ಡು ಕೊಟ್ಟು ಶುದ್ಧ ಸೈನ್ ವೇವಿನದು ತಂದೆ, ಕಂಪ್ರೆಸರು ಎಬ್ಬಿಸುವಾಗ ಕ್ಷಣಮಾತ್ರ ಎರಡು ಮೂರು ಪಟ್ಟು ಎಳೆಯುತ್ತದೆಂದು 1500 ವ್ಯಾಟಿನದೇ.

ಜೋಡಿಸಲು ಇ-ರಿಕ್ಷಾ ರಿಪೇರಿ ಮಾಡುವ ಬಿಹಾರದ ಹುಡುಗನೊಬ್ಬ ಬಂದ. ಅಪ್ಪ ಮೂಗಿಗೆ ನಳಿಕೆ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಅವನಿಗೆ ಹಿಂದಿ ಬಾರದು, ಹುಡುಗನಿಗೆ ಕನ್ನಡ ಬಾರದು, ನಾನು ನಡುವೆ ತರ್ಜುಮೆ. ಒಂದು ಗಂಟೆಯ ಮೇಲೆ ನನ್ನ ಅಗತ್ಯವೇ ಬೀಳಲಿಲ್ಲ.

ಫ್ಯೂಸನ್ನು ಹುಡುಗ ಇನ್ವರ್ಟರಿನ ಪಕ್ಕ ಕೂರಿಸಿದ್ದ. ಅಪ್ಪ ಕೋಲಿನಿಂದ ಬ್ಯಾಟರಿಯ ಪ್ಲಸ್ ತುದಿಯನ್ನು ಮುಟ್ಟಿ ತೋರಿಸಿದ. ಫ್ಯೂಸ್ ಇರುವುದು ಯಂತ್ರ ಕಾಯಲು ಅಲ್ಲ, ವಾಯರು ಕಾಯಲು. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು, ಅದರಾಚೆ ಎಲ್ಲಿ ವಾಯರು ಸವೆದು ಗಾಡಿಯ ತಗಡಿಗೆ ತಾಗಿದರೂ ಅದು ಹಾರಬೇಕು. ಊರಲ್ಲಿ ರೈತರು ಪದೇಪದೇ ಹಾರುವ ಫ್ಯೂಸಿಗೆ ಬೇಸತ್ತು ದಪ್ಪ ತಂತಿ ಸುತ್ತಿಬಿಡುತ್ತಿದ್ದರಂತೆ, ಆಮೇಲೆ ಸುಡುವುದು ಪಂಪಿನ ಮೋಟರು.

ಅರ್ಥಿಂಗಿನ ಬಗ್ಗೆ ಅವನಿಗೆ ಎರಡು ದಿನ ನಿದ್ದೆ ಬರಲಿಲ್ಲ. "ರಬ್ಬರ್ ಗಾಲಿ ಮ್ಯಾಲ ನಿಂತೈತಿ. ಗಾಡಿಗೆ ನೆಲ ಎಲ್ಲೈತಿ?" ಕೊನೆಗೆ ಇನ್ವರ್ಟರಿನ ನ್ಯೂಟ್ರಲ್ಲನ್ನು ಗಾಡಿಯ ಮೈಗೇ ಕಟ್ಟಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿದ ಮೇಲೆ ಸಮಾಧಾನ. ಸೋರಿಕೆಯಾದರೆ ಅದು ನೆಲ ಹುಡುಕಿಕೊಂಡು ಹೋಗಬೇಕಿಲ್ಲ, ಗಾಡಿಯೊಳಗೇ ಸುತ್ತಿ ಬಂದು ಸ್ವಿಚ್ಚು ಬೀಳಿಸುತ್ತದೆ.

ಚೇಂಜ್ ಓವರ್ ಸ್ವಿಚ್ಚಿನ ವಿಷಯದಲ್ಲಿ ಮಾತ್ರ ಅವನು ನನ್ನ ಮೇಲೆ ಸಿಟ್ಟಾದ. ಗೋಡೆಯ ಕರೆಂಟಿನಿಂದ ಬ್ಯಾಟರಿಗೆ ತಾನಾಗಿಯೇ ಬದಲಾಗುವುದನ್ನು ನಾನು ಆರಿಸಿದ್ದೆ, ಹತ್ತು ಮಿಲಿಸೆಕೆಂಡಿನದು. ಅವನಿಗೆ ಕೈಯಿಂದ ತಿರುಗಿಸುವ, ಒಂದನ್ನು ಪೂರ್ತಿ ಬಿಡಿಸಿದ ಮೇಲೆಯೇ ಇನ್ನೊಂದಕ್ಕೆ ಹೋಗುವ, ಖಟ್ ಎಂದು ಸದ್ದು ಮಾಡುವ ಸ್ವಿಚ್ಚೇ ಬೇಕು. ನಾನು ವಾದಿಸಿದೆ. ಆಗ ಅವನು, ಉಸಿರಿಗೊಮ್ಮೆ ನಿಲ್ಲಿಸುತ್ತ, ನಾನು ಕೇಳಿರದ ಒಂದು ಕತೆ ಹೇಳಿದ. ನಾನು ಐದನೇ ಇಯತ್ತೆಯಲ್ಲಿದ್ದಾಗಿನದು. ಲೈನ್ ಕ್ಲಿಯರ್ ತೆಗೆದುಕೊಂಡು, ಸ್ಟೇಷನ್ನಿನಲ್ಲಿ ಬಂದ್ ಮಾಡಿಸಿ, ಕಂಬ ಹತ್ತಿದ್ದಾರೆ. ಮಳೆಯೆಂದು ಅವಸರದಲ್ಲಿ ಲೈನಿಗೆ ಅರ್ಥ್ ಹಾಕುವುದನ್ನು ಬಿಟ್ಟಿದ್ದಾರೆ. ಅದೇ ಲೈನಿನ ಗಿರಣಿಯೊಂದರಲ್ಲಿ ಜನರೇಟರು ಶುರುವಾಗಿದೆ, ಅಲ್ಲಿ ಚೇಂಜ್ ಓವರ್ ಇರಲಿಲ್ಲ, ನೇರ ಜೋಡಿಸಿದ್ದರು. ಕರೆಂಟು ತಿರುಗಿ ಕಂಬಕ್ಕೆ ಬಂತು. ಮೇಲಿದ್ದವನು ಅಪ್ಪನ ಜೊತೆಗಾರ. ಅಪ್ಪ ಕೆಳಗೆ ಹಗ್ಗ ಹಿಡಿದು ನಿಂತಿದ್ದ.

"ಹಗ್ಗ ಬಿಗಿ ಆತು. ಅಷ್ಟ."

ಅವನ ಹೆಂಡತಿ ಪ್ರತಿ ಯುಗಾದಿಗೆ ನಮ್ಮ ಮನೆಗೆ ಬೇವು ತರುತ್ತಿದ್ದದ್ದು ನನಗೆ ನೆನಪಿದೆ. ಯಾಕೆಂದು ಕೇಳಿರಲಿಲ್ಲ. ಕೈಯಿಂದ ತಿರುಗಿಸುವ ಸ್ವಿಚ್ಚೇ ಹಾಕಿದೆವು.

ಹೊರಡುವ ನಾಲ್ಕು ದಿನ ಮೊದಲು ಪಾರ್ಕಿಂಗಿನಲ್ಲಿ ಪರೀಕ್ಷೆ. ರಾತ್ರಿ ಒಂಬತ್ತಕ್ಕೆ ಕಾನ್ಸಂಟ್ರೇಟರನ್ನು ಪೆಟ್ಟಿಗೆಗೆ ಜೋಡಿಸಿ, ಅಪ್ಪನಿಗೆ ಮನೆಯಲ್ಲಿ ಸಿಲಿಂಡರು ಕೊಟ್ಟು, ನಾನು ಈಕೋದ ಹಲಗೆಯ ಮೇಲೆ ಮಲಗಿದೆ. ಮೂರು ವರ್ಷದ ಮೇಲೆ ಕೊನೆಗೂ ಕ್ಯಾಂಪಿಂಗು. ಸೆಕ್ಯುರಿಟಿಯವನು ಎರಡು ಸಲ ಟಾರ್ಚು ಬಿಟ್ಟು ನೋಡಿದ, ಗಂಡಹೆಂಡತಿ ಜಗಳವೆಂದು ತಿಳಿದು ಕನಿಕರದಿಂದ ಹೋದ. ಬೆಳಗಿನ ಆರಕ್ಕೆ ಹದಿನೆಂಟು ಪರ್ಸೆಂಟು ಉಳಿದಿತ್ತು. ಲೆಕ್ಕಕ್ಕಿಂತ ಒಂದೆರಡು ಹೆಚ್ಚು.

2024ರ ಅಕ್ಟೋಬರ್ ಕೊನೆಯ ವಾರ, ನಸುಕಿನ ನಾಲ್ಕಕ್ಕೆ ಹೊರಟೆವು. ಆರು ಹಗಲು, ಐದು ರಾತ್ರಿ, ಸ್ಟೀರಿಂಗಿನಲ್ಲಿ ನಾನೂ ಹೆಂಡತಿಯೂ ಸರದಿ. ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಪ್ಪ ರಾಜಸ್ಥಾನವಿಡೀ ಕಂಬಗಳನ್ನು ನೋಡುತ್ತ, ಜೋತುಬಿದ್ದ ತಂತಿ ಕಂಡಲ್ಲೆಲ್ಲ ಚ್ಚ್ ಎನ್ನುತ್ತ ಬಂದ. ಲಾಡ್ಜಿಗೆ ನಮ್ಮ ಬೇಡಿಕೆಗಳು ವಿಚಿತ್ರ: ನೆಲಮಹಡಿಯ ಕೋಣೆ, ಕಿಟಕಿ ಕೆಳಗೆ ಗಾಡಿ ನಿಲ್ಲಬೇಕು, ಎಸಿಯ 16 ಆಂಪಿಯರಿನ ಪ್ಲಗ್ ಪಾಯಿಂಟು ಇರಬೇಕು, ಆದರೆ ಎಸಿ ಬೇಡ. ಚಾರ್ಜರೂ ಕಾನ್ಸಂಟ್ರೇಟರೂ ಒಟ್ಟಿಗೆ ಸೇರಿದರೆ 6 ಆಂಪಿಯರಿನ ಹಳೆಯ ಪ್ಲಗ್ಗು ಕರಗುತ್ತದೆಂದು ಅಪ್ಪನ ಹೆದರಿಕೆ.

ದಕ್ಷಿಣ ಗುಜರಾತಿನ ಊರೊಂದರಲ್ಲಿ, ನಾಲ್ಕನೇ ರಾತ್ರಿ, ಎರಡೂ ಹತ್ತಕ್ಕೆ ಕರೆಂಟು ಹೋಯಿತು. ಕುಯ್ಯೋ ಸದ್ದಿಗೆ ಎದ್ದೆ. ಲಾಡ್ಜಿನ ಜನರೇಟರು ರಿಸೆಪ್ಷನ್ನಿನ ದೀಪಕ್ಕೆ ಮಾತ್ರವಂತೆ. ಕತ್ತಲಲ್ಲಿ ಚಪ್ಪಲಿ ಸಿಗದೆ ಬರಿಗಾಲಲ್ಲಿ ಗಾಡಿಗೆ ಓಡಿ, ಪೆಟ್ಟಿಗೆಯ ಬಾಗಿಲು ತೆಗೆದು, ಸ್ವಿಚ್ಚು ತಿರುಗಿಸಿದೆ. ಖಟ್. ಕಿಟಕಿಯಿಂದ ಹಾಯಿಸಿದ ಕೇಬಲ್ಲಿನ ಆಚೆ ತುದಿಯಲ್ಲಿ ಕಂಪ್ರೆಸರು ಒಂದು ಸಲ ಕೆಮ್ಮಿ ಎದ್ದಿತು. ವಾಪಸು ಬಂದಾಗ ಅಪ್ಪ ಮಂಚದ ಮೇಲೆ ಕೂತಿದ್ದ, ಬೆರಳಲ್ಲಿ ಮೀಟರು, 86.

"ನಲವತ್ತೊಂದು," ಅಂದ. "ನಿನ್ನ ಬ್ಯಾಟರಿನೂ ವೀಕ್ ಐತಿ."

ಐದೂವರೆಗೆ ಕರೆಂಟು ಬಂತು. ಅಲ್ಲಿಯವರೆಗೆ ನಾನು ಮೊಬೈಲಿನಲ್ಲಿ ಪರ್ಸೆಂಟು ಇಳಿಯುವುದನ್ನು ನೋಡುತ್ತ ಕೂತಿದ್ದೆ. ಅವನು ಗೊರಕೆ ಹೊಡೆದ.

ಈಗ ಅವನು ಊರಲ್ಲಿದ್ದಾನೆ, ತಂಗಿಯ ಮನೆ ಎರಡು ಓಣಿ ಆಚೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ದಿನಗಳಲ್ಲಿ ಗಾಳಿ ಅಲ್ಲೂ ಸುಖವಲ್ಲ, ಆದರೆ ನಮ್ಮದು ಪೇಟೆಯಿಂದ ದೂರದ ಹಳ್ಳಿ. ಪೆಟ್ಟಿಗೆಯನ್ನು ಅಲ್ಲೇ ಇಳಿಸಿ ಬಂದೆ. ಎತ್ತಿ ಇಳಿಸುವ ಹಾಗೆ ಮಾಡಿದ್ದರಿಂದ ಅರ್ಧ ಗಂಟೆಯ ಕೆಲಸ. ಗಾಡಿಯ ಮೈಗೆ ಕಟ್ಟಿದ್ದ ಅರ್ಥಿಂಗಿನ ತಂತಿಯನ್ನು ಬಿಚ್ಚಿ, ಹಿತ್ತಲಲ್ಲಿ ಕರಿಬೇವಿನ ಗಿಡದ ಪಕ್ಕ ಇದ್ದಿಲು ಉಪ್ಪು ಹಾಕಿ ಗುಂಡಿ ತೋಡಿಸಿ, ಅಲ್ಲಿಗೆ ಕೊಟ್ಟಿದ್ದಾನೆ.

ಬ್ಯಾಟರಿಯ ಲೆಕ್ಕ ನೋಡುವ ಆ್ಯಪು ಬ್ಲೂಟೂತಿನದು, ಹತ್ತು ಮೀಟರು ದಾಟಿದರೆ ಕಾಣುವುದಿಲ್ಲ. ಹಾಗಾಗಿ ದಿನಾ ರಾತ್ರಿ ಫೋನಿನಲ್ಲಿ ಅವನೇ ಓದಿ ಹೇಳುತ್ತಾನೆ. ಎಷ್ಟು ಪರ್ಸೆಂಟು, ಎಷ್ಟು ವೋಲ್ಟು, ಎಷ್ಟು ತಾಸು ಕರೆಂಟು ಹೋಗಿತ್ತು. ಉಸಿರು ಹೇಗಿದೆ ಅಂತ ಕೇಳಿದರೆ ಉತ್ತರಿಸುವುದಿಲ್ಲ, ನಂಬರು ಓದುವಾಗ ಎಲ್ಲೆಲ್ಲಿ ನಿಲ್ಲುತ್ತಾನೆ ಎಂದು ನಾನು ಕೇಳಿಸಿಕೊಳ್ಳುತ್ತೇನೆ. ನಿನ್ನೆ ಅರವತ್ತೆರಡು ಅಂದ. ಒಂದೇ ಉಸಿರಿಗೆ ಅಂದ.